ಊಟದ ಮೇಜಿನ ಯುದ್ಧನೌಕೆ

ಹಡಗು ಮೆಟ್ಟಿಲಿನ ತಿರುವಿನಲ್ಲಿ ತಿರುಗುವುದಿಲ್ಲ ಎಂಬುದು ಸೆರಾಫಿನನಿಗೆ ತಿಳಿದದ್ದು ಅದನ್ನು ಎತ್ತಿಕೊಂಡು ಹೊರಟ ಮೇಲೆ. ಏಳು ವರ್ಷ ಅಂಟು, ದಾರ, ಕಡ್ಡಿ ಎಂದು ಕೂತವನು ಒಮ್ಮೆಯೂ ಮೆಟ್ಟಿಲಿನ ಕಡೆ ನೋಡಿರಲಿಲ್ಲ. ಪೆದ್ದ!

ಹೆಂಡತಿ ಮಿಲಾಗ್ರೊಸ್ ಕಾಯಿಲೆಯಿಂದ ಎದ್ದರೆ ಕಡಲಿನವರನ್ನು ಕಾಯುವ ಕಾರ್ಮೆನ್ ಮಾತೆಗೆ ಹಡಗು ಕೊಡುತ್ತೇನೆಂದು ಹರಕೆ ಹೊತ್ತಿದ್ದ. ಅವಳು ಎದ್ದಳು. ಸ್ಪೇನಿನ ಕಡಲೂರು ಕಾದಿಸ್‌ನಲ್ಲಿ ಹರಕೆಯ ಮಾದರಿ ಹಡಗನ್ನು ಚರ್ಚಿನ ಚಾವಣಿಗೆ ತೂಗುಹಾಕುತ್ತಾರೆ, ಮೀನುದೋಣಿಯಾದರೂ ಸಾಕಿತ್ತು. ಇವನು ಹಿಡಿದದ್ದು ಟ್ರಫಾಲ್ಗರ್ ಯುದ್ಧದಲ್ಲಿ ಸೋತು ಮುಳುಗಿದ ‘ಸಾಂತಿಸಿಮಾ ತ್ರಿನಿದಾದ್’, ನಾಲ್ಕು ಸಾಲು ತೋಪುಗಳ ರಾಕ್ಷಸ. ಅದು ಊಟದ ಮೇಜನ್ನಿಡೀ ನುಂಗಿತು; ಅಂದಿನಿಂದ ಗಂಡಹೆಂಡಿರ ಊಟ ತೊಡೆಯ ಮೇಲೆ. ಇವತ್ತು ಮಾತೆಯ ಹಬ್ಬ. ಸಂಜೆಯೊಳಗೆ ಹಡಗು ಚರ್ಚು ಸೇರಿದರೆ ಹರಕೆಯೂ ತೀರಿತು, ಮೇಜೂ ಸಿಕ್ಕಿತು.

"ಹಾಯಿಕಂಬ ಕೊಯ್ದುಬಿಡು ಮಾರಾಯ," ಎಂದ ಎದುರಿನ ಮದ್ಯದಂಗಡಿಯ ಬೆನೀತೊ.

"ಮೊದಲು ನಿನ್ನ ಮೂಗು ಕೊಯ್ತೀನಿ!"

ಕೊನೆಗೆ ಹಗ್ಗ ಕಟ್ಟಿ ಬಾಲ್ಕನಿಯಿಂದ ಇಳಿಬಿಟ್ಟರು. ಅರ್ಧಕ್ಕೆ ಗಾಳಿ ಎದ್ದಿತು. ಕೆಳಮನೆಯ ಎನ್ಕಾರ್ನ ಒಣಗಹಾಕಿದ್ದ ಲಂಗ ಕಂಬಕ್ಕೆ ಸಿಕ್ಕಿ, ಬಸುರಿಯ ಹೊಟ್ಟೆಯಂತೆ ಉಬ್ಬಿತು. ಹಡಗು ಬೀದಿಯ ಮೇಲೆ ಓಲಾಡತೊಡಗಿತು.

"ಅಯ್ಯೋ, ನನ್ನ ಲಂಗ ಹೊತ್ಕೊಂಡು ಹೋಗ್ತಿದೆ! ಮರ್ಯಾದೆ ಇಲ್ವಾ ನಿನ್ನ ಹಡಗಿಗೆ?"

"ಬಾಯ್ಮುಚ್ಚಿ ಹಿಡ್ಕೊಳೇ!"

"ಮುಳುಗೋದು ಅದಕ್ಕೇನು ಹೊಸದಾ?" ಎನ್ನುತ್ತ ಬೆನೀತೊ ಎರಡೂ ಕೈ ಚಾಚಿದ. ಹಡಗು ಅವನನ್ನು ಕೆಡವಿ, ಹೊಟ್ಟೆಯ ಮೇಲೆ ಲಂಗರು ಹಾಕಿತು. ಮೂತಿಯ ಕಂಬ ಮುರಿದಿತ್ತು. ಎನ್ಕಾರ್ನ ಬೈಯುತ್ತಲೇ ತನ್ನ ಲಂಗದ ಲಾಡಿ ಕಿತ್ತು ಬಿಗಿದು ಕಟ್ಟಿದಳು.

ಹಡಗು ಚರ್ಚು ಸೇರಿತು. ಅದು ಮಾತೆಯ ತಲೆಯ ಮೇಲೆ ತೂಗಿದಾಗ ಸೆರಾಫಿನ್ ಬೆನೀತೊನ ತೋಳಿಗೆ ಕಣ್ಣು ಒರೆಸಿಕೊಂಡ.

ರಾತ್ರಿ ಮೇಜಿನ ಮೇಲೆ ಬಿಳಿ ಬಟ್ಟೆ, ಕರಿದ ಮೀನು. ಸೆರಾಫಿನ್ ತಿನ್ನಲಿಲ್ಲ. ಅವನ ಬೆರಳುಗಳು ಬ್ರೆಡ್ಡಿನ ಚೂರನ್ನು ಸಣ್ಣ ಸಣ್ಣ ತೋಪುಗುಂಡು ಮಾಡಿ ಸಾಲಾಗಿಡುತ್ತಿದ್ದವು. ಮಿಲಾಗ್ರೊಸ್ ಆ ಸಾಲನ್ನು ನೋಡಿ, ತನ್ನ ತಟ್ಟೆ ಪಕ್ಕಕ್ಕೆ ಸರಿಸಿದಳು.

"ಒಂದು ವಿಷಯ ಹೇಳೋದೇ ಮರೆತೆ ಕಣೋ. ಚಳಿಗಾಲದಲ್ಲಿ ನಿನಗೆ ಜ್ವರ ಬಂತಲ್ಲ, ನಾನೂ ಒಂದು ಹಡಗು ಹರಕೆ ಹೊತ್ತಿದೀನಿ."

"ಜ್ವರ ಎಲ್ಲೇ? ಬರೀ ನೆಗಡಿ!"

"ಅದನ್ನ ಮಾತೆಗೆ ಹೋಗಿ ಹೇಳು. ನನ್ನ ಕೈಲಿ ಮೊಳೆ ಹೊಡೆಯೋಕೆ ಆಗಲ್ಲ, ನೀನೇ ಮಾಡ್ಬೇಕು."

ಅವನು ಗೊಣಗಿದ, ಮೇಜು ಗುದ್ದಿದ, ಹೆಂಗಸರ ಭಕ್ತಿಯನ್ನೇ ಬೈದ.

"ಈ ಸಲ ಸಣ್ಣದು ಮಾಡು. ಮೆಟ್ಟಿಲು ಇಳಿಯೋ ಅಷ್ಟು."

"ಹೂಂ," ಎಂದ ಸೆರಾಫಿನ್. ತಟ್ಟೆ ಆಗಲೇ ಅವನ ತೊಡೆಯ ಮೇಲಿತ್ತು. ಕೈ ಮೇಜನ್ನು ಈ ತುದಿಯಿಂದ ಆ ತುದಿಯವರೆಗೂ ಗೇಣು ಹಾಕಿ ಅಳೆಯುತ್ತಿತ್ತು.