ಐದನೆಯ ಗುಳಿಯ ಉಪಕರಣ

ನೀರೆತ್ತುವ ಪಂಪುಗಳನ್ನು ಜೋಡಿಸುವ ಕಾರ್ಖಾನೆಯ ಮೂರನೆಯ ಸಾಲಿನಲ್ಲಿ, ಹಿರಿಯ ಫಿಟ್ಟರ್ ಒಬ್ಬರ ಮೇಲ್ದವಡೆಯ ಹಲ್ಲುಸೆಟ್ಟು ಕಳೆದ ವರ್ಷದಿಂದ ಇಪ್ಪತ್ತೊಂದನೇ ನಂಬರಿನ ಸಾಕೆಟ್ ಆಗಿ ಸೇವೆ ಸಲ್ಲಿಸುತ್ತಿದೆ. ಈ ಬಗ್ಗೆ ಯಾವ ಗೊಂದಲವೂ ಇಲ್ಲ. ದಾಖಲೆಗಳೆಲ್ಲ ಕ್ರಮಬದ್ಧವಾಗಿವೆ.

ಆ ಫಿಟ್ಟರನ್ನು ಎಲ್ಲರೂ ಬಿಗಿಯಣ್ಣ ಅಂತಲೇ ಕರೆಯುವುದು. ಮೂವತ್ತೊಂದು ವರ್ಷದಲ್ಲಿ ಅವರು ಬಿಗಿದ ಒಂದು ಬೋಲ್ಟೂ ಸಡಿಲವಾದದ್ದಿಲ್ಲ. ಯಾವ ಬೋಲ್ಟಿಗೆ ಯಾವ ಸಾಕೆಟ್ ಎಂಬುದು ಅವರ ಕೈಗೆ ಗೊತ್ತಿತ್ತು. ಕೈಗೆ ಗೊತ್ತಿರುವುದು ಆಡಳಿತಕ್ಕೆ ಗೊತ್ತಾಗುವ ಹಾಗಿಲ್ಲವಲ್ಲ, ಅದಕ್ಕೆಂದು ಹೊಸ ವ್ಯವಸ್ಥೆ ತರಿಸಲಾಯಿತು. ಬೋಲ್ಟಿನ ತಲೆಗೆ ಟೋಪಿಯ ಹಾಗೆ ಕೂರುವ ಸಾಕೆಟ್‌ಗಳನ್ನೆಲ್ಲ ಇನ್ನು ಮುಂದೆ ಒಂದು ಟ್ರೇಯ ಗುಳಿಗಳಲ್ಲಿ ಇಡತಕ್ಕದ್ದು. ಟ್ರೇಗೂ ಕಂಪ್ಯೂಟರಿಗೂ ಸಂಪರ್ಕ. ಯಾವ ಗುಳಿಯ ಪಕ್ಕ ಹಸಿರು ದೀಪ ಹತ್ತುತ್ತದೋ ಅದರ ಸಾಕೆಟ್ ಮಾತ್ರ ತೆಗೆಯತಕ್ಕದ್ದು, ಕೆಲಸ ಮುಗಿದೊಡನೆ ಅದೇ ಗುಳಿಗೆ ಹಿಂತಿರುಗಿಸತಕ್ಕದ್ದು. ದೀಪ ಹತ್ತದೆ ಕೈಹಾಕಿದರೆ ಸೈರನ್ ಕೂಗುತ್ತದೆ, ಸಾಲು ಪೂರ್ತಿ ನಿಲ್ಲುತ್ತದೆ.

ಟ್ರೇಯಲ್ಲಿ ಗುಳಿ ಐದಿದ್ದವು. ಪಂಪಿಗೆ ಬೇಕಾದ ಸಾಕೆಟ್ ನಾಲ್ಕೇ. ಹಾಗಾಗಿ ಖರೀದಿ ವಿಭಾಗದವರು ಐದನೆಯ ಗುಳಿಗೆ ನಿಗದಿಯಾಗಿದ್ದ ಇಪ್ಪತ್ತೊಂದರ ಸಾಕೆಟ್ ತರಿಸದೆ ಉಳಿತಾಯ ಮಾಡಿ, ಆ ಉಳಿತಾಯಕ್ಕೆ ಪ್ರಶಂಸಾಪತ್ರವನ್ನೂ ಪಡೆದುಕೊಂಡರು.

ಉದ್ಘಾಟನೆಯ ದಿನ ದೊಡ್ಡ ಸಾಹೇಬರು ಗುಂಡಿ ಒತ್ತಿದರು. ಪರದೆಯ ಮೇಲೆ ಕೆಂಪಕ್ಷರ ಮೂಡಿತು: "ಐದನೆಯ ಗುಳಿ ಖಾಲಿ ಇದೆ." ಸಾಹೇಬರು ಇನ್ನೊಮ್ಮೆ ಒತ್ತಿದರು. ಅದೇ ಕೆಂಪು. ಎಲ್ಲರೂ ಮುಖ ಮುಖ ನೋಡಿಕೊಂಡರು. ಬಿಗಿಯಣ್ಣ ಮಾತ್ರ ಇದ್ಯಾವುದೂ ತನಗೆ ಸೇರಿದ್ದಲ್ಲ ಎಂಬಂತೆ ಕೆಲಸಕ್ಕೆ ಬಗ್ಗಿದರು. ಬಗ್ಗಿದರೆ ಅವರ ಹಲ್ಲುಸೆಟ್ಟು ಜಾರುತ್ತಿತ್ತು. ಅದನ್ನು ತೆಗೆದು ಎಲ್ಲಾದರೂ ಶುಚಿಯಾದ ಕಡೆ ಇಟ್ಟು ಕೆಲಸ ಹಿಡಿಯುವುದು ಅವರ ಅಭ್ಯಾಸ. ಅಂದು ಕೈಗೆಟುಕುವಷ್ಟರಲ್ಲಿ ಇದ್ದ ಶುಚಿಯಾದ ಜಾಗ ಐದನೆಯ ಗುಳಿ ಒಂದೇ.

ಪರದೆ ಹಸಿರಾಯಿತು. ಸಾಹೇಬರು ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು.

ಮೊದಲ ದಿನ ಯಾವ ಗುಳಿಯಲ್ಲಿ ಏನಿರುತ್ತದೋ ಅದರ ತೂಕ, ಆಕಾರ ಎರಡನ್ನೂ ಕಲಿತುಕೊಂಡು, ಆಮೇಲೆ ಅದನ್ನಲ್ಲದೆ ಬೇರೆ ಏನನ್ನೂ ಒಪ್ಪದಿರುವುದು ಈ ವ್ಯವಸ್ಥೆಯ ವಿಶೇಷ. ಊಟದ ಹೊತ್ತಿಗೆ ಬಿಗಿಯಣ್ಣ ಹಲ್ಲಿಗೆ ಕೈಹಾಕಿದ್ದೇ ತಡ, ಸೈರನ್ ಕೂಗಿತು. ಪ್ರಕ್ರಿಯಾ ನಿಯಂತ್ರಣಾಧಿಕಾರಿ ಓಡಿಬಂದರು. ಕಾರ್ಖಾನೆಯಲ್ಲಿ ಅವರಿಗೆ ಕಂಟ್ರೋಲ್ ಮೇಡಂ ಎಂದು ಹೆಸರು.

"ಮೇಡಂ, ಅದು ನನ್ನ ಹಲ್ಲು."

"ಇರಬಹುದು ಬಿಗಿಯಣ್ಣ. ಆದ್ರೆ ಇಲ್ಲಿ ಇಪ್ಪತ್ತೊಂದು ಅಂತ ದಾಖಲಾಗಿದೆ."

"ನಾನು ಊಟ ಹೇಗೆ ಮಾಡ್ಲಿ?"

"ಊಟ ಅನ್ನೋ ಹಂತ ಪ್ರಕ್ರಿಯೇಲಿ ಎಲ್ಲೂ ಇಲ್ವಲ್ಲ," ಎಂದರು ಮೇಡಂ, ನಿಜವಾಗಿಯೂ ಬೇಸರದಿಂದ.

ಮೇಲ್ವಿಚಾರಕರು ಸೋಪನ್ನು ಹಲ್ಲಿನ ಆಕಾರಕ್ಕೆ ಕೆತ್ತಿ ಗುಳಿಯಲ್ಲಿ ಇಟ್ಟು ನೋಡಿದರು. "ಇದು ಉಪಕರಣವಲ್ಲ" ಎಂದಿತು ಪರದೆ. ಸರಬರಾಜುದಾರರಿಗೆ ಫೋನ್ ಮಾಡಿದರೆ, ಕಲಿತದ್ದನ್ನು ಮರೆಸಲು ಕಾರ್ಖಾನೆಯನ್ನು ಹನ್ನೊಂದು ದಿನ ಮುಚ್ಚಬೇಕಾಗುತ್ತದೆ ಎಂದರು. ಹೊಸ ಹಲ್ಲುಸೆಟ್ಟಿಗೆ ಅರ್ಜಿ ಹಾಕಿದರೆ, ಹಳೆಯದು ಕಳೆದಿಲ್ಲ, ಕಾರ್ಖಾನೆಯ ಸುಪರ್ದಿಯಲ್ಲಿ ಭದ್ರವಾಗಿದೆ ಎಂಬ ಕಾರಣಕ್ಕೆ ಅದು ತಿರಸ್ಕೃತವಾಯಿತು. ತಾವೇ ಮಾಡಿಸಿಕೊಳ್ಳೋಣವೆಂದರೆ ದಂತವೈದ್ಯರು ಎರಡು ತಿಂಗಳು ಕೇಳಿದರು. ಅಳತೆ ತಪಾಸಣೆಗೆ ಬಂದವರು ಮಾತ್ರ ಬಂದ ಕೆಲಸ ಮುಗಿಸಿ, ಒಂದು ದವಡೆಹಲ್ಲಿಗೆ "ಮಾರ್ಚ್‌ವರೆಗೆ ನಿಖರ" ಎಂಬ ಚೀಟಿ ಅಂಟಿಸಿ ಹೋದರು.

ಮೂರು ವಾರಕ್ಕೆ ಬಿಗಿಯಣ್ಣನ ಮಗಳ ಮದುವೆ ಇತ್ತು. ಮನೆಯಲ್ಲಿರುವ ಯಾವ ಫೋಟೋದಲ್ಲೂ ಅವರು ತುಟಿ ಬಿಚ್ಚಿದವರಲ್ಲ. ಈ ಮದುವೆಯ ಫೋಟೋದಲ್ಲಿ ಬಾಯಿ ತುಂಬ ನಗಬೇಕು ಅಂತಲೇ ಹಲ್ಲು ಕಟ್ಟಿಸಿಕೊಂಡಿದ್ದರು.

ಹೆಂಡತಿ ತಟ್ಟೆಗೆ ಗಂಜಿ ಬಡಿಸುತ್ತ ಕೇಳಿದಳು, "ಮೂವತ್ತೊಂದು ವರ್ಷ ದುಡಿದಿದ್ದಕ್ಕೆ ಕೊನೆಗೆ ಹಲ್ಲನ್ನೂ ಕಿತ್ಕೊಂಡ್ರಾ?"

"ಕಿತ್ಕೊಂಡಿಲ್ಲ ಕಣೇ. ನೋಂದಾಯಿಸ್ಕೊಂಡಿದ್ದಾರೆ."

"ಅಪ್ಪಾ, ನೀನು ನಗದಿದ್ರೆ ಆ ಫೋಟೋದಲ್ಲಿ ನಾನೂ ನಗಲ್ಲ," ಎಂದಳು ಮಗಳು. ಬಿಗಿಯಣ್ಣ ಗಂಜಿ ಅಷ್ಟಕ್ಕೇ ಬಿಟ್ಟು ಎದ್ದರು.

ಮರುದಿನ ಹಲ್ಲು ಬಿಡಿಸಿಕೊಡಿ ಎಂದು ಕಂಟ್ರೋಲ್ ಮೇಡಂಗೆ ಅರ್ಜಿ ಕೊಟ್ಟರು. ಮೇಡಂ ಮೂರು ಸಲ ಓದಿದರು. ಕಲ್ಲು ಮನಸ್ಸಿನ ಹೆಂಗಸಲ್ಲ ಆಕೆ, ಬರೀ ನಿಯಮದ ಹೆಂಗಸು. ಇಪ್ಪತ್ತೊಂದನ್ನು ಎತ್ತಬೇಕಾದರೆ ಇಪ್ಪತ್ತೊಂದಕ್ಕೊಂದು ಕೆಲಸ ಇರಬೇಕು ಎಂದು ವಿನ್ಯಾಸ ವಿಭಾಗಕ್ಕೆ ಬರೆದರು. ವಿನ್ಯಾಸ ವಿಭಾಗ ಎರಡು ದಿನ ತಲೆ ಕೆಡಿಸಿಕೊಂಡು ಪಂಪಿನ ಬೆನ್ನಿಗೆ ಹೊಸದೊಂದು ಬೋಲ್ಟು ಸೇರಿಸಿತು. ಅದು ಏನನ್ನೂ ಹಿಡಿದಿಟ್ಟುಕೊಳ್ಳುವುದಿಲ್ಲವಾದ್ದರಿಂದ ಬೆರಳಲ್ಲಿ ತಿರುಗಿಸಿದರೆ ಸಾಕು. ಸುತ್ತೋಲೆ ಹೊರಟಿತು:

"ಹಂತ ಐದು: ಉಪಕರಣ ಇಪ್ಪತ್ತೊಂದನ್ನು ಗುಳಿಯಿಂದ ತೆಗೆದು, ಸೂಕ್ತ ಸ್ಥಳದಲ್ಲಿ ಅಳವಡಿಸಿ, ಬೋಲ್ಟನ್ನು ಬಿಗಿದು, ನಲವತ್ತು ಸೆಕೆಂಡಿನೊಳಗೆ ತೊಳೆದು ಹಿಂತಿರುಗಿಸತಕ್ಕದ್ದು."

ಅಂದಿನಿಂದ ಬಿಗಿಯಣ್ಣನ ಊಟ ಪಂಪಿಗೊಂದು ತುತ್ತಿನಂತೆ ಸಾಗಿತು. ಎಡಗೈಯಲ್ಲಿ ಬೋಲ್ಟು, ಬಲಗೈಯಲ್ಲಿ ತುತ್ತು. ಹೊಟ್ಟೆ ತುಂಬಲು ಇಪ್ಪತ್ತೆರಡು ಪಂಪು ಬೇಕಾಗುತ್ತಿತ್ತು. ಅವರು ಹಸಿದಷ್ಟೂ ಸಾಲು ಚುರುಕಾಗಿ ಓಡುತ್ತದೆ ಎಂಬುದನ್ನು ದೊಡ್ಡ ಸಾಹೇಬರು ಉತ್ಪಾದನೆಯ ರೇಖಾನಕ್ಷೆಯಲ್ಲಿ ಗಮನಿಸಿ, ತಿಂಡಿ ಬಿಟ್ಟು ಬರುವಂತೆ ಪ್ರೀತಿಯಿಂದ ಹೇಳಿಕಳಿಸಿದರು. ಪಂಪು ಕೊಳ್ಳುವವರು ಹೊಸ ಬೋಲ್ಟಿನ ಬಗ್ಗೆ ವಿಚಾರಿಸಿದರು. ಅದಿಲ್ಲದ ಹಳೆಯ ಪಂಪುಗಳನ್ನು ಕೆಲವರು ಅನುಮಾನದಿಂದ ನೋಡತೊಡಗಿದರು.

ಮದುವೆಗೆ ನಾಲ್ಕು ದಿನ ಉಳಿಯಿತು. ಒಂದು ದಿನದ ಮಟ್ಟಿಗೆ ಹಲ್ಲು ಬಿಟ್ಟುಕೊಡಿ ಎಂದು ಬಿಗಿಯಣ್ಣ ಮತ್ತೆ ಹೋಗಿ ನಿಂತರು.

"ಉಪಕರಣ ಟ್ರೇ ಬಿಟ್ಟು ಹೋಗೋ ಹಾಗಿಲ್ಲ," ಎಂದರು ಮೇಡಂ. ಆಮೇಲೆ ನಿಯಮದ ಪುಸ್ತಕ ತಿರುವಿಹಾಕಿ, ಕನ್ನಡಕ ಸರಿಮಾಡಿಕೊಂಡರು. "ಟ್ರೇ ಕಾರ್ಖಾನೆ ಬಿಟ್ಟು ಹೋಗಬಾರದು ಅಂತ ಎಲ್ಲೂ ಬರೆದಿಲ್ಲ."

ಹೀಗಾಗಿ ಮದುವೆಯ ದಿನ ಬೆಳಿಗ್ಗೆ ಲಾರಿಯೊಂದು ಟ್ರೇ, ಕಂಪ್ಯೂಟರು, ಪಂಪು ಸಾಗಿಸುವ ಎರಡು ಗಜ ಬೆಲ್ಟು ಮತ್ತು ನಲವತ್ತು ಪಂಪುಗಳನ್ನು ಕಲ್ಯಾಣಮಂಟಪದ ಬಾಗಿಲಿಗೆ ತಂದಿಳಿಸಿತು. ವಧೂವರರ ಎಡಗಡೆಗೆ ಬೆಲ್ಟನ್ನು ಹಾಕಲಾಯಿತು. ಹಸಿರು ದೀಪ ಹತ್ತುವವರೆಗೆ ಫೋಟೋದವನು ಕ್ಯಾಮೆರಾ ಹಿಡಿದು ಕಾಯುತ್ತಿದ್ದ. ಹತ್ತಿತೋ, ಬಿಗಿಯಣ್ಣ ಹಲ್ಲು ಹಾಕಿಕೊಂಡು, ಬೋಲ್ಟು ತಿರುಗಿಸುತ್ತಲೇ ಬಾಯಿ ತುಂಬ ನಗುತ್ತಿದ್ದರು. ಪಕ್ಕದಲ್ಲಿ ಮಗಳೂ ನಗುತ್ತಿದ್ದಳು. ಬೀಗರು ಸ್ವಲ್ಪ ಹೊತ್ತು ನೋಡುತ್ತಿದ್ದು, ಕೆಲಸ ಕಾಯಂ ತಾನೇ ಎಂದು ಕೇಳಿದರು. ಹೌದೆಂದ ಮೇಲೆ ಸಮಾಧಾನದಿಂದ ಎಲೆಯ ಮುಂದೆ ಕೂತರು.

ಫೋಟೋಗಳಿಗೆ ಹದಿನೆಂಟು ಪಂಪು ಹೋದವು, ಊಟಕ್ಕೆ ಇಪ್ಪತ್ತೆರಡು. ಮಗಳು ಹೊರಡಲು ಸಿದ್ಧಳಾಗಿ ಬಂದು ಎದುರಿಗೆ ನಿಂತಾಗ ಬೆಲ್ಟು ಖಾಲಿ. ದೀಪ ಆರಿತ್ತು, ಹಲ್ಲು ತನ್ನ ಗುಳಿಯಲ್ಲಿತ್ತು. ಬಿಗಿಯಣ್ಣ ಏನೋ ಹೇಳಹೊರಟರು. ಬೊಚ್ಚುಬಾಯಲ್ಲೂ ದಿನಾ ಹೇಗೋ ಹೊರಡುತ್ತಿದ್ದ ಮಾತು ಅಂದು ಅಳುವಿಗೆ ಸಿಕ್ಕಿ ಬರೀ ಗಾಳಿಯಾಯಿತು, ಕಣ್ಣಲ್ಲಿ ನೀರು ಬಂತು. ಮಗಳನ್ನು ಕಳಿಸುವ ಹೊತ್ತಿಗೆ ಒಂದು ಮಾತೂ ಆಡಲಾಗದೆ ಹೋಯಿತಲ್ಲ ಎಂದು ಅವರಿಗೆ ತಡೆಯಲಾರದಷ್ಟು ದುಃಖವಾಯಿತು.

ಅಳಿಯ ಬ್ಯಾಂಕಿನ ಗುಮಾಸ್ತ, ಬೋಲ್ಟು ಮುಟ್ಟಿದವನಲ್ಲ. ಆತ ಮುಗಿದ ಪಂಪೊಂದನ್ನು ತಬ್ಬಿ ಎತ್ತಿ ತಂದು, ಬೆನ್ನಿನ ಬೋಲ್ಟನ್ನು ಬೆರಳಿನಿಂದಲೇ ಬಿಚ್ಚಿ, ಬೆಲ್ಟಿನ ಮೇಲೆ ಇಟ್ಟ.

ಪರದೆ ಕೇಳಿತು: "ಮರುಕೆಲಸ. ಕಾರಣ ತಿಳಿಸಿ." ಕೆಳಗೆ ಪಟ್ಟಿ ಇತ್ತು: ಸವೆತ, ಸೋರಿಕೆ, ಇತರೆ. ಕಂಟ್ರೋಲ್ ಮೇಡಂ ಮೂಗು ಒರೆಸಿಕೊಂಡು ಬಂದು, ಇತರೆ ಒತ್ತಿ, "ಮಗಳು" ಎಂದು ಟೈಪ್ ಮಾಡಿದರು. ಹಸಿರು ದೀಪ ಹತ್ತಿತು.

"ಅಲ್ಲಿ ಏನಾದ್ರೂ ಸಡಿಲ ಆಯ್ತು ಅನ್ಸಿದ್ರೆ ನನಗೆ ಹೇಳಮ್ಮ," ಎಂದರು ಬಿಗಿಯಣ್ಣ, ಹಲ್ಲು ಹಾಕಿಕೊಂಡು. "ನಾನು ಬರ್ತೀನಿ."

ಇನ್ನೂ ಮೂವತ್ತು ಸೆಕೆಂಡು ಉಳಿದಿತ್ತು. ಅಷ್ಟೂ ಹೊತ್ತು ಅವಳ ಕೈ ಹಿಡಿದುಕೊಂಡೇ ಇದ್ದರು. ಬೋಲ್ಟನ್ನು ಅಳಿಯನೇ ತಿರುಗಿಸಿದ.

"ಇತರೆ" ಎಂದು ನಮೂದಾದ ಯಾವುದೇ ಕಾರಣವನ್ನು ತಿಂಗಳೊಳಗೆ ಸಕ್ರಮಗೊಳಿಸಬೇಕೆಂಬ ನಿಯಮವಿದೆ. ಅದರಂತೆ ಈಗ ಐದೂ ಸಾಲುಗಳ ಪಟ್ಟಿಯಲ್ಲಿ ಸವೆತ, ಸೋರಿಕೆ, ಮಗಳು ಎಂದು ಕ್ರಮವಾಗಿ ಇವೆ. ಕಳೆದ ತಿಂಗಳು ಮೂರನೆಯ ಕಾರಣಕ್ಕಾಗಿ ಐವತ್ತಾರು ಪಂಪುಗಳ ಮರುಕೆಲಸ ನಡೆದಿದೆ. ಮರುಕೆಲಸ ಮಾಡಿದವರಲ್ಲಿ ನಾಲ್ವರಿಗೆ ಹೆಣ್ಣುಮಕ್ಕಳೇ ಇಲ್ಲ. ವಾರ್ಷಿಕ ತಪಾಸಣೆಗೆ ಬಂದ ಅಧಿಕಾರಿಗಳು ಇದನ್ನು ಕೂಲಂಕಷವಾಗಿ ಪರಿಶೀಲಿಸಿ, ಎಲ್ಲ ಸರಿಯಿದೆ ಎಂದು ಸಹಿ ಹಾಕಿದರು. ಹೊರಡುವ ಮುನ್ನ ತಮಗೂ ಒಂದು ಪಂಪಿನ ಬೋಲ್ಟು ಬಿಚ್ಚಿಸಿಕೊಂಡು, ಬೆಲ್ಟಿನ ಪಕ್ಕ ನಿಂತು ನಲವತ್ತು ಸೆಕೆಂಡು ಮನೆಗೆ ಫೋನ್ ಮಾಡಿದರು.