ಗುಂಜಿಗೆ ಹೋದ ಖಾನಾಪುರ

ಸೀಮಾ ಬೀಜ ನಿಗಮದ ಖಾನಾಪುರ ಶಾಖೆಯು ೨೦೦೧ರ ಜುಲೈ ತಿಂಗಳಿನಿಂದ ಗುಂಜಿಯಲ್ಲಿದೆ. ಈ ಬಗ್ಗೆ ಯಾರ ತಕರಾರೂ ಇಲ್ಲ.

ಅದಕ್ಕೂ ಮೊದಲು ಅದು ಖಾನಾಪುರದಲ್ಲೇ ಇತ್ತು. ಅಲ್ಲಿ ಒಂಬತ್ತು ವರ್ಷ ಹಂಗಾಮಿಯಾಗಿ ದುಡಿದ ಗುಮಾಸ್ತೆ ಕಾಂತಾ ಆ ತಿಂಗಳ ಕೊನೆಗೆ ಖಾಯಂ ಆಗುವವಳಿದ್ದಳು. ಷರತ್ತು ಒಂದೇ: ಸತತ ಮೂರು ದಿನ ಗೈರು ಬೀಳಬಾರದು. ದಿನಾ ಹತ್ತು ಗಂಟೆಗೆ ಉದ್ಯಮಬಾಗದ ಮುಖ್ಯ ಕಚೇರಿಯ ರೌಟರು ತಂತಿಯ ಮೇಲೆ ಹಾಜರಿ ಕೇಳುತ್ತಿತ್ತು. ಕಾಂತಾ ಗುಂಡಿ ಒತ್ತಿ ಓಗೊಡುತ್ತಿದ್ದಳು.

ಯಾವ ನಂಬರಿನ ಲೈನಿನ ತುದಿಗೆ ಯಾವ ಶಾಖೆ ಇದೆಯೆಂದು ತಾನೇ ವಿಚಾರಿಸಿಕೊಳ್ಳುವ ಗುಣ ಆ ರೌಟರಿಗಿತ್ತು. ಮುಖ್ಯ ವ್ಯವಸ್ಥಾಪಕ ಗುರುಪುತ್ರಪ್ಪನವರು ಅದನ್ನು ಬಿಡಿಸಿದರು. ಮೇಲಧಿಕಾರಿಯ ಲಿಖಿತ ಅನುಮತಿ ಇಲ್ಲದೆ ಯಂತ್ರವೊಂದು ಮತ್ತೊಂದು ಯಂತ್ರದ ವಿಳಾಸ ವಿಚಾರಿಸುವುದು ನಿಯಮ ಹದಿನಾಲ್ಕಕ್ಕೆ ವಿರುದ್ಧ. ಹೀಗಾಗಿ ತಂತ್ರಜ್ಞ ಯಲ್ಲೇಶ '೧೦೨ ಖಾನಾಪುರ, ೧೦೩ ಗುಂಜಿ' ಎಂದು ಕೈಯಾರೆ ಬರೆದು ರೌಟರಿಗೆ ತುಂಬಿದ. ಕಮಿಟಿ ಕೂಡಿ ಮೊಹರು ಒತ್ತಿತು.

ಒಂದು ಶುಕ್ರವಾರ ಟೆಲಿಫೋನಿನವರು ಎರಡೂ ಲೈನುಗಳ ನಂಬರು ಅದಲುಬದಲು ಮಾಡಿದರು. ರೌಟರು ೧೦೨ರ ಮೇಲೆ ಖಾನಾಪುರವನ್ನು ಕೂಗಿತು. ಕೂಗು ಗುಂಜಿಗೆ ಹೋಯಿತು. ಕಾಂತಾ ಗೈರು. ಶನಿವಾರವೂ ಗೈರು. ಮಧ್ಯಾಹ್ನ ಬಸ್ಸು ಹಿಡಿದು ಉದ್ಯಮಬಾಗಕ್ಕೆ ಬಂದಳು.

"ಒಂದ್ ಸಾಲು ತಿದ್ದಿದ್ರ ಮುಗೀತ್ರಿ ಅಕ್ಕಾರ. ಎರಡ್ ಮಿನಿಟಿನ ಕೆಲಸ," ಎಂದ ಯಲ್ಲೇಶ.

"ಕೆಲಸ ಎರಡ್ ಮಿನಿಟಿಂದು," ಎಂದರು ಗುರುಪುತ್ರಪ್ಪ. "ಕಮಿಟಿ ವರ್ಷಕ್ಕೊಮ್ಮೆ ಕೂಡ್ತೈತಿ. ಮೊನ್ನೆನ ಕೂಡಿ ಎದ್ದೈತಿ."

"ಹಂಗಾರ ನಿನ್ನೆ ನಾ ಖಾನಾಪುರದಾಗ ಇದ್ನೋ ಇಲ್ಲೋ, ಸಾಹೇಬ್ರ?"

ಅವರು ಫೈಲು ತೆಗೆದು ನೋಡಿದರು. "ನೀವು ಇದ್ದದ್ದು ಖರೇ, ಕಾಂತಾಬಾಯಿ. ಖಾನಾಪುರ ಅಲ್ಲಿರಲಿಲ್ಲ."

ಕಾಂತಾ ಮುಂದೆ ವಾದ ಮಾಡಲಿಲ್ಲ. ಶಾಖೆಯನ್ನೇ ಎತ್ತಿ ಬೇರೆ ಕಡೆ ಇಡುವುದಕ್ಕೂ ಕಮಿಟಿ ಬೇಕೇ ಎಂದು ಕೇಳಿದಳು. ಗುರುಪುತ್ರಪ್ಪ ನಿಯಮದ ಪುಸ್ತಕ ತಿರುವಿ ಹಾಕಿದರು. ಬೇಡ, ಒಂದು ಟೆಂಪೊ ಸಾಕು.

ರವಿವಾರ ಎರಡೂ ಶಾಖೆಗಳ ಕಂಪ್ಯೂಟರು, ರೌಟರು, ಬೀಜದ ಚೀಲ, ಬೋರ್ಡು ಎಲ್ಲ ಅದಲುಬದಲಾದವು. ಗುಂಜಿಯ ಗುಮಾಸ್ತ ಪಂಢರಿನಾಥನ ಮನೆ ಕಚೇರಿಯ ಹಿತ್ತಿಲಿಗೇ ಹತ್ತಿತ್ತು. ಅವನೂ ಗುಂಜಿ ಶಾಖೆಯ ಹಿಂದೆ ಖಾನಾಪುರಕ್ಕೆ ನಡೆದ. ಸೋಮವಾರ ಹತ್ತು ಗಂಟೆಗೆ ರೌಟರು ಕೂಗಿತು. ಕಾಂತಾ ಗುಂಜಿಯಿಂದ ಓಗೊಟ್ಟಳು. ಖಾನಾಪುರ ಹಾಜರು.

ಆ ವಾರವೇ ಸುತ್ತೋಲೆ ಹೊರಟಿತು: "ಖಾನಾಪುರದ ರೈತರು ಬೀಜಕ್ಕಾಗಿ ಖಾನಾಪುರ ಶಾಖೆಗೇ ಬರತಕ್ಕದ್ದು. ಊರು ಮಾತ್ರ ಹಳೆಯ ಜಾಗದಲ್ಲೇ ಉಳಿದುಕೊಂಡಿರುವುದಕ್ಕೆ ನಿಗಮ ಹೊಣೆಯಲ್ಲ." ರೈತರು ಬಂದರು. ತಿಂಗಳ ಕೊನೆಗೆ, ಖಾನಾಪುರದಲ್ಲೇ ಕೆಲಸ ಮಾಡಬೇಕೆಂಬ ಖಾಯಂ ಆದೇಶ ಬಂತು. ಅಂಚೆಯವನು ಯಾರನ್ನೂ ಕೇಳದೆ ಅದನ್ನು ಗುಂಜಿಗೆ ಒಯ್ದು ಕೊಟ್ಟ.

ಈಗ ಕಾಂತಾ ದಿನಾ ಬೆಳಿಗ್ಗೆ ಖಾನಾಪುರ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಾಳೆ. ಅಲ್ಲಿ ಶೇಂಗಾ ಮಾರುವ ಸತ್ಯವ್ವ ಒಮ್ಮೆ ಕೇಳಿದಳು, "ಎಲ್ಲಿಗ್ರಿ ಬಾಯಾರ, ದಿನಾ?"

"ಖಾನಾಪುರಕ್ಕ."

ಸತ್ಯವ್ವ ಪೊಟ್ಟಣಕ್ಕೆ ಇನ್ನೊಂದು ಹಿಡಿ ಶೇಂಗಾ ಹಾಕಿದಳು. "ದೂರ ಆತು ಬಿಡ್ರಿ. ದಾರ್‍ಯಾಗ ತಿನ್ರಿ."