ಓಕೆ ಎಂದು ನೇಯಿಸಿದ ಸೀರೆ

ಓಕೆ ಎಂಬ ಮಾತನ್ನು ಬಳಸುವುದರಲ್ಲಿ ನಾನು ಪಳಗಿದವನೆಂದೇ ನಂಬಿದ್ದೆ. ಹೆಂಡತಿಗೆ ಹೇಳಿದರೆ ‘ಕೇಳಿಸಿತು’ ಎಂದರ್ಥ. ಫೋನಿನಲ್ಲಾದರೆ ‘ಇನ್ನು ಇಡಿ’. ಪಕ್ಕದ ಮನೆಯವರು ಸೈಟು ನೋಡಲು ಕರೆದಾಗ ಸ್ವಲ್ಪ ಎಳೆದು ಹೇಳಿದರೆ ‘ಖಂಡಿತ ಬರುವುದಿಲ್ಲ’. ಒಪ್ಪಿಗೆ ಎಂಬ ಅರ್ಥದಲ್ಲಿ ಎಂದಾದರೂ ಬಳಸಿದ್ದೆನೇ? ನೆನಪಿಲ್ಲ.

ನನ್ನ ಹೆಂಡತಿ ಸರೋಜಳ ತಂಗಿಯ ಮಗಳಿಗೆ ದೇವನಹಳ್ಳಿಯಲ್ಲಿ ಮದುವೆ ಗೊತ್ತಾಯಿತು. ಹುಡುಗಿಯ ದೊಡ್ಡಮ್ಮನಾಗಿ ತಾನು ಎದ್ದು ಕಾಣಬೇಕು, ತನ್ನ ಸೀರೆಯಂಥದ್ದು ಛತ್ರದಲ್ಲಿ ಇನ್ನೊಂದಿರಬಾರದು ಎಂಬುದು ಅವಳ ಆಸೆ. ನನ್ನ ಜೊತೆ ಓದಿದ ನಾಗರಾಜ ದೊಡ್ಡಬಳ್ಳಾಪುರದಲ್ಲಿ ಮಗ್ಗ ನಡೆಸುತ್ತಾನೆ. ಅವನ ಕೈಲೇ ನೇಯಿಸೋಣವೆಂದು ಹೊಣೆ ಹೊತ್ತೆ.

ಪೇಪರ್ ಓದುತ್ತಲೇ ಅವನಿಗೆ ಫೋನ್ ಮಾಡಿದೆ.

“ಈರುಳ್ಳಿ ಸಿಪ್ಪೆ ಬಣ್ಣ, ಗಿಳಿಹಸಿರು ಅಂಚು, ಆಯ್ತು ಗುರು. ಆದ್ರೆ ಒಂದೇ ಸೀರೆಗೆ ಅಂತ ಮಗ್ಗಕ್ಕೆ ಹಾಸು ಏರಿಸೋಕಾಗಲ್ಲ. ಉದ್ದಕ್ಕೆ ಹಾಸಿದ ನೂಲು ಮುಗಿಯೋವರ್ಗೂ ಅದೇ ಸೀರೆ ನೇಯ್ತಾ ಇರ್ಬೇಕು. ಉಳಿದಿದ್ದನ್ನ ದೇವನಹಳ್ಳಿ ಅಂಗಡಿಗೆ ಹಾಕ್ಬಿಡ್ಲಾ?”

“ಓಕೆ” ಎಂದೆ. ‘ಇನ್ನು ಇಡು’ ಎಂಬ ಓಕೆ ಅದು.

“ಕೇಳಿಸ್ಕೊಂಡೇನೋ?”

“ಓಕೆ ಓಕೆ.”

ಒಟ್ಟು ಎಷ್ಟು ಓಕೆ ಅಂದೆನೋ. ಈಗ ಬರೆಯುವಾಗ ನನ್ನ ಅನುಕೂಲಕ್ಕೆ ತಕ್ಕಂತೆ ಕಡಿಮೆಯೇ ನೆನಪಾಗುತ್ತಿದೆ.

ಸಂಜೆ ಸರೋಜ ಕೇಳಿದಳು. “ಒಂದೇ ಸೀರೆ ಸಾಕು ಅಂತ ಹೇಳಿದ್ರಾ?”

“ಓಕೆ.”

“ಓಕೆ ಅಂದ್ರೆ ಹೇಳಿದ್ದೀರೋ, ಹೇಳ್ತೀರೋ?”

“ಓಕೆ ಕಣೇ.”

ಮದುವೆಯ ದಿನ ಸರೋಜ ನಿಜಕ್ಕೂ ಎದ್ದು ಕಾಣುತ್ತಿದ್ದಳು. ಗಂಡಿನ ಕಡೆಯ ಬಸ್ಸು ಬರುವವರೆಗೆ. ಬಸ್ಸಿನಿಂದ ಇಳಿದ ಹೆಂಗಸರೆಲ್ಲ ಈರುಳ್ಳಿ ಸಿಪ್ಪೆ ಬಣ್ಣ, ಗಿಳಿಹಸಿರು ಅಂಚು. ಮನೆಯ ಹೆಂಗಸರೆಲ್ಲ ಒಂದೇ ಥರ ಉಡಬೇಕೆಂದು ಬೀಗರು ಹುಡುಕಾಡುತ್ತಿದ್ದರಂತೆ. ದೇವನಹಳ್ಳಿಯ ಅಂಗಡಿಯಲ್ಲಿ ಅಷ್ಟೂ ಒಟ್ಟಿಗೇ ಸಿಕ್ಕವಂತೆ.

ಗಂಡಿನ ಅಜ್ಜಿ ನೇರವಾಗಿ ಬಂದು ಸರೋಜಳ ರಟ್ಟೆ ಹಿಡಿದರು. “ಏನವ್ವಾ, ಹೆಣ್ಣಿನ ಕಡೆಯೋರ ಮಧ್ಯೆ ನಿಂತ್ಕೊಂಡು ಏನ್ ಮಾಡ್ತಿದ್ದೀಯ? ತಟ್ಟೆ ಹಿಡ್ಕೊ, ನಡಿ.”

“ನಾನು ಹುಡುಗಿ ದೊಡ್ಡಮ್ಮ ಕಣಜ್ಜಿ.”

“ಹಂಗಾದ್ರೆ ನಮ್ ಸೀರೆ ಯಾಕ್ ಉಟ್ಕೊಂಡಿದ್ದೀಯ?”

ಸರೋಜ ನನ್ನನ್ನು ನೋಡಿದಳು. ನಾನು ತೋರಣ ನೋಡಿದೆ.

ಧಾರೆ ಮುಗಿಯಿತು. ಊಟದ ಹೊತ್ತಿಗಾದರೂ ರಾಜಿಯಾಗಬೇಕೆಂದು ಹುಡುಕಿಕೊಂಡು ಹೋದೆ. ಕಂಬದ ಹತ್ತಿರ ಬೆನ್ನು ತಿರುಗಿಸಿ ನಿಂತಿದ್ದಳು. ಮುಖ ನೋಡುವ ಧೈರ್ಯವಾಗದೆ ಹಿಂದಿನಿಂದಲೇ ಮೆಲ್ಲಗೆ ಹೇಳಿದೆ. “ತಪ್ಪಾಯ್ತು ಕಣೇ. ಇದಕ್ಕಿಂತ ಒಳ್ಳೇ ಸೀರೆ ಕೊಡಿಸ್ತೀನಿ. ಕೋಪ ಬಿಡು, ಊಟಕ್ಕೆ ಬಾ.”

ತಿರುಗಿದವರು ಗಂಡಿನ ತಾಯಿ.

“ಕೊಡ್ಸಿ, ಬೇಡ ಅನ್ನಲ್ಲ. ನಮ್ಮೆಜಮಾನ್ರನ್ನ ಒಂದು ಮಾತು ಕೇಳ್ಬಿಡಿ” ಎಂದರು.

ಎಂಟು ಹೆಜ್ಜೆ ಆಚೆ, ಅದೇ ಸೀರೆಗಳ ನಡುವಿನಿಂದ ಒಂದು ಕೈ ಮೇಲೆದ್ದಿತು. “ರೀ, ನಾನು ಇಲ್ಲಿದ್ದೀನಿ.”

ಹೆಂಡತಿ ಎಲ್ಲರ ಕಣ್ಣಿಗೂ ಎದ್ದು ಕಾಣಲೆಂದು ಸೀರೆ ನೇಯಿಸಿದವನು ನಾನು. ಅವಳು ಕಾಣದೆ ಹೋದದ್ದು ನನಗೊಬ್ಬನಿಗೇ.